ಮೆಡಿಕಲ್ ಬೋರ್ಡಿನಿಂದ ಪಾಲಿಕ್ಲಿನಿಕ್ಕಿನವರೆಗೆ: ಮಾಜಿ ಸೈನಿಕರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ತಾಲ್ಲೂಕಿನ ಮಾಜಿ ಸೈನಿಕರ ಸಂಘದ ಕೋಣೆಯಲ್ಲಿ ಭಾನುವಾರ ಬೆಳಿಗ್ಗೆ ನಾವು ನಾಲ್ಕೈದು ಜನ ಕೂರುತ್ತೇವೆ. ಯಾರೂ ವಕೀಲರಲ್ಲ, ಡಾಕ್ಟರೂ ಅಲ್ಲ. ಒಬ್ಬರು ಸಿಗ್ನಲ್ಸ್‌ನಲ್ಲಿದ್ದವರು, ಒಬ್ಬರು ಏರ್‌ಫೋರ್ಸ್, ಇಬ್ಬರು ಮರಾಠಾ ಲೈಟ್ ಇನ್ಫೆಂಟ್ರಿ. ನಾನು ಪಲ್ಟನ್ ಆಫೀಸಿನಲ್ಲಿ ಕ್ಲರ್ಕ್ ಆಗಿದ್ದವನು. ಡಿಸೆಬಿಲಿಟಿ ಪೆನ್ಶನ್ ಮತ್ತು ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ವಿಷಯದಲ್ಲಿ ಬರುವವರ ಕಾಗದ ನೋಡಿ, ಅರ್ಜಿ ಬರೆದುಕೊಡುತ್ತೇವೆ. ದುಡ್ಡು ತೆಗೆದುಕೊಳ್ಳುವುದಿಲ್ಲ. ಕಾಫಿ ನಾವೇ ಕೊಡುತ್ತೇವೆ.

ವರ್ಷಗಟ್ಟಲೆ ಅದೇ ಪ್ರಶ್ನೆಗಳು ತಿರುಗಿ ತಿರುಗಿ ಬಂದವು. ಅದಕ್ಕೆ ಬರೆದಿಟ್ಟೆವು.

ಡಿಸೆಬಿಲಿಟಿ ಪರ್ಸೆಂಟೇಜ್ ಜಾಸ್ತಿ ಇದ್ದರೆ ಪೆನ್ಶನ್ ಖಂಡಿತ ಬರುತ್ತೆ ಅಲ್ವಾ?

ಇಲ್ಲ. ಎಲ್ಲರೂ ಎಡವುವುದು ಇಲ್ಲೇ.

ಸೇನೆ ಬಿಡುವಾಗ ನಿಮ್ಮನ್ನು ಪರೀಕ್ಷಿಸುವ ವೈದ್ಯರ ಮಂಡಳಿ, ಅಂದರೆ ಮೆಡಿಕಲ್ ಬೋರ್ಡ್, ಎರಡು ವಿಷಯ ಹೇಳುತ್ತದೆ. ಒಂದು, ನಿಮ್ಮ ದೇಹಕ್ಕೆ ಎಷ್ಟು ಪರ್ಸೆಂಟ್ ಊನ ಆಗಿದೆ ಎಂಬುದು. ಎರಡು, ಅದಕ್ಕೂ ನಿಮ್ಮ ಸೇವೆಗೂ ಸಂಬಂಧ ಇದೆಯೇ ಎಂಬುದು. ಸೇವೆಯಿಂದಲೇ ಬಂದಿದ್ದರೆ 'ಆಟ್ರಿಬ್ಯೂಟಬಲ್' ಎನ್ನುತ್ತಾರೆ. ಮೊದಲೇ ಇದ್ದದ್ದು ಅಥವಾ ಬೇರೆ ಕಾರಣದಿಂದ ಬಂದದ್ದು ಸೇವೆಯಿಂದ ಉಲ್ಬಣ ಆಗಿದ್ದರೆ 'ಆಗ್ರವೇಟೆಡ್'. ಎರಡರಲ್ಲಿ ಒಂದು ಇರಲೇಬೇಕು, ಪರ್ಸೆಂಟೇಜ್ 20 ಮುಟ್ಟಲೇಬೇಕು. ಆಗ ಮಾತ್ರ ಡಿಸೆಬಿಲಿಟಿ ಎಲಿಮೆಂಟ್, ಅಂದರೆ ಪೆನ್ಶನ್‌ನಲ್ಲಿ ಊನಕ್ಕಾಗಿ ಕೊಡುವ ಭಾಗ.

60 ಪರ್ಸೆಂಟ್ ಬರೆಸಿಕೊಂಡು ಒಂದು ರೂಪಾಯಿ ಬಾರದವರನ್ನು ನೋಡಿದ್ದೇವೆ. 20 ಪರ್ಸೆಂಟ್ ಇದ್ದು ಪ್ರತಿ ತಿಂಗಳು ಪಡೆಯುವವರೂ ಇದ್ದಾರೆ. ಹಾಗಾಗಿ ನಮ್ಮ ಹತ್ತಿರ ಬಂದವರ ಕಾಗದದಲ್ಲಿ ನಾವು ಮೊದಲು ನೋಡುವುದು ಪರ್ಸೆಂಟೇಜ್ ಕಾಲಂ ಅಲ್ಲ, ಅದರ ಪಕ್ಕದ್ದು.

ನನ್ನ ಕಾಗದದಲ್ಲಿ 'ನಾನಾ' ಅಂತ ಇದೆ. ಹಾಗಂದ್ರೆ?

ಕನ್ನಡದಲ್ಲಿ ನಾನಾ ಎಂದರೆ ಬಗೆಬಗೆಯ. ಮಿಲಿಟರಿ ಕಾಗದದಲ್ಲಿ ಅದು 'ನೈದರ್ ಆಟ್ರಿಬ್ಯೂಟಬಲ್ ನಾರ್ ಆಗ್ರವೇಟೆಡ್' ಎಂಬುದರ ಮೊದಲಕ್ಷರಗಳು. ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ ಎಂದರ್ಥ. ಈ ನಾಲ್ಕು ಅಕ್ಷರ ಬಿದ್ದರೆ ಪೆನ್ಶನ್ ಬಾಗಿಲು ಮುಚ್ಚಿತು. ಮುಚ್ಚಿತು ಅಂದರೆ ಚಿಲಕ ಹಾಕಿದ್ದಾರೆ, ಬೀಗ ಹಾಕಿಲ್ಲ. ಅಪೀಲು ಇದೆ, ಮುಂದೆ ಹೇಳುತ್ತೇವೆ.

ಬಿಪಿ, ಶುಗರ್, ಹೃದಯದ ತೊಂದರೆ, ಮನಸ್ಸಿನ ಕಾಯಿಲೆ, ಇವಕ್ಕೆ 'ನಾನಾ' ಜಾಸ್ತಿ ಬೀಳುತ್ತದೆ. ಕಾಯಿಲೆ ಶುರುವಾದಾಗ ನೀವು ಪೀಸ್ ಸ್ಟೇಷನ್‌ನಲ್ಲಿ, ಅಂದರೆ ಗಡಿಯ ಕಷ್ಟ ಇಲ್ಲದ ಠಾಣೆಯಲ್ಲಿ ಇದ್ದಿರಿ ಎಂಬುದು ಸಾಮಾನ್ಯವಾಗಿ ಕೊಡುವ ಕಾರಣ. ಅದರ ಹಿಂದಿನ ವರ್ಷ ಸಿಯಾಚಿನ್‌ನಲ್ಲೋ ತವಾಂಗ್‌ನಲ್ಲೋ ಇದ್ದಿರಿ ಎಂಬುದನ್ನು ಯಾರಾದರೂ ಎತ್ತಿ ತೋರಿಸದಿದ್ದರೆ ಕಾಗದ ಸುಮ್ಮನಿರುತ್ತದೆ.

ಇನ್ನು ಆರು ತಿಂಗಳಿಗೆ ಮನೆಗೆ ಬರುತ್ತೇನೆ. ರಿಲೀಸ್ ಮೆಡಿಕಲ್ ಬೋರ್ಡಿಗೆ ಹೇಗೆ ತಯಾರಾಗಲಿ?

ಈ ಪ್ರಶ್ನೆ ಕೇಳಿದವರಿಗೆ ನಾವು ಎರಡು ಲೋಟ ಕಾಫಿ ಕೊಡುತ್ತೇವೆ. ಯಾಕೆಂದರೆ ಸಮಯಕ್ಕೆ ಮುಂಚೆ ಬಂದವರು ಅವರೊಬ್ಬರೇ.

ಮೊದಲು ನನ್ನ ಕಥೆ ಕೇಳಿ. ಇಪ್ಪತ್ತನಾಲ್ಕು ವರ್ಷ ಬೇರೆಯವರ ಕಾಗದದಲ್ಲಿ ಅಲ್ಪವಿರಾಮ ತಪ್ಪಿದ್ದರೂ ಹಿಡಿದವನು ನಾನು. ನನ್ನ ಬೋರ್ಡಿನ ದಿನ ಮಗಳ ಮದುವೆಯ ಚಿಂತೆ, ರೈಲು ಟಿಕೆಟ್ಟಿನ ಗಡಿಬಿಡಿ. ಫಾರಂ ಮುಂದಿಟ್ಟರು, ಸಹಿ ಹಾಕಿದೆ. ಊರಿಗೆ ಬಂದು ಟ್ರಂಕ್ ತೆರೆದು ಓದಿದಾಗ ಗೊತ್ತಾಯಿತು, ನನ್ನ ಹೇಳಿಕೆಯ ಜಾಗದಲ್ಲಿ 'ನಿಲ್' ಅಂತ ಇದೆ. ಬರೆದದ್ದು ನನ್ನದೇ ಕೈ. ಆ ಮೂರಕ್ಷರವನ್ನು ಸರಿಮಾಡಿಸಲು ಐದು ವರ್ಷ ಹಿಡಿಯಿತು.

ಬೋರ್ಡಿನ ಫಾರಂ ಅನ್ನು ಎಎಫ್‌ಎಂಎಸ್‌ಎಫ್-16 ಎನ್ನುತ್ತಾರೆ. ಅದರಲ್ಲಿ ನಿಮ್ಮ ಸ್ವಂತ ಹೇಳಿಕೆಯ ಭಾಗ ಒಂದಿದೆ. ಸೇವೆಯಲ್ಲಿ ನಡೆದ ಯಾವ ಘಟನೆಯಿಂದ ಈ ತೊಂದರೆ ಬಂತು ಅಥವಾ ಹೆಚ್ಚಾಯಿತು ಎಂದು ನಿಮಗೆ ಅನಿಸುತ್ತದೆ ಎಂದು ಅಲ್ಲಿ ಕೇಳುತ್ತಾರೆ. ನಮ್ಮವರು ಅಲ್ಲಿ ಖಾಲಿ ಬಿಡುತ್ತಾರೆ, ಇಲ್ಲವೇ ನನ್ನ ಹಾಗೆ 'ನಿಲ್' ಬರೆಯುತ್ತಾರೆ. ಬರೆಯಿರಿ. ಯಾವ ವರ್ಷ, ಯಾವ ಜಾಗ, ಏನು ಕೆಲಸ, ಏನಾಯಿತು, ಯಾವ ಮಿಲಿಟರಿ ಆಸ್ಪತ್ರೆಗೆ ಸೇರಿಸಿದರು. ಫಿರಂಗಿ ಪಕ್ಕದಲ್ಲಿ ಕಿವಿಗೆ ಹತ್ತಿ ಇಲ್ಲದೆ ನಿಂತಿದ್ದರೆ ಅದನ್ನೇ ಬರೆಯಿರಿ. ಮನಸ್ಸಿನಲ್ಲಿ ಇಟ್ಟುಕೊಂಡರೆ ಬೋರ್ಡಿಗೆ ಕಾಣಿಸುವುದಿಲ್ಲ.

ಗಾಯ ಆಗಿದ್ದರೆ ಇಂಜುರಿ ರಿಪೋರ್ಟ್ ಇರಬೇಕು. ಅದು ಐಎಎಫ್‌ವೈ-2006 ಎಂಬ ಫಾರಂ. ದೊಡ್ಡ ಗಾಯವಾದರೆ ಕೋರ್ಟ್ ಆಫ್ ಇನ್‌ಕ್ವೈರಿ ಕೂಡ ನಡೆದಿರುತ್ತದೆ. ನೀವು ಡ್ಯೂಟಿಯಲ್ಲಿದ್ದಿರಿ ಎಂಬುದಕ್ಕೆ ಇವೆರಡಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಯೂನಿಟ್ ಬಿಡುವ ಮೊದಲೇ ಪ್ರತಿ ತೆಗೆದುಕೊಳ್ಳಿ. ಯೂನಿಟ್ ಜಾಗ ಬದಲಾದ ಮೇಲೆ ಹಳೆ ಫೈಲ್ ಹುಡುಕುವುದು ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದ ಹಾಗೆ.

ಹೃದಯದ ತೊಂದರೆ ಇದ್ದವರಿಗೆ ಇನ್ನೊಂದು ಮಾತು. ನೋವು ಬರುವುದಕ್ಕೆ ಮುಂಚಿನ 14 ದಿನ ನೀವು ಏನು ಡ್ಯೂಟಿ ಮಾಡುತ್ತಿದ್ದಿರಿ ಎಂಬ ಪಟ್ಟಿಯನ್ನು ಯೂನಿಟ್ ಕೊಡಬೇಕು. ರಾತ್ರಿ ಗಾರ್ಡ್, ವ್ಯಾಯಾಮ, ದೂರದ ಪ್ರಯಾಣ ಎಲ್ಲ ಅದರಲ್ಲಿ ಬರಬೇಕು. ಆ ಪಟ್ಟಿಯಲ್ಲಿ 'ನಾರ್ಮಲ್ ಡ್ಯೂಟಿ' ಎಂದಷ್ಟೇ ಬರೆದು ಕಳಿಸಿದರೆ ಕೇಸು ಅಲ್ಲೇ ಅರ್ಧ ಸತ್ತಂತೆ.

ಸಹಿ ಹಾಕುವ ಮುಂಚೆ ಓದಿ. ಕ್ಯೂ ಉದ್ದ ಇದ್ದರೂ ಓದಿ.

ಎಷ್ಟು ದುಡ್ಡು ಬರುತ್ತೆ? ಲೆಕ್ಕ ಹೇಗೆ?

ನೂರು ಪರ್ಸೆಂಟ್ ಡಿಸೆಬಿಲಿಟಿಗೆ ನಿಮ್ಮ ಕೊನೆಯ ಸಂಬಳದ 30 ಪರ್ಸೆಂಟ್. ಕಡಿಮೆ ಇದ್ದರೆ ಅದೇ ಅನುಪಾತದಲ್ಲಿ ಕಡಿಮೆ. ಸಂಬಳ ಎಂದರೆ ಮೂಲ ವೇತನ, ಮಿಲಿಟರಿ ಸರ್ವಿಸ್ ಪೇ ಇಂಥವು ಸೇರಿದ ಮೊತ್ತ, ತುಟ್ಟಿಭತ್ಯೆ ಬಿಟ್ಟು.

ಉದಾಹರಣೆಗೆ ಆ ಮೊತ್ತ 40,000 ರೂಪಾಯಿ ಎನ್ನಿ. ನೂರು ಪರ್ಸೆಂಟಿಗೆ 12,000. ಐವತ್ತಕ್ಕೆ 6,000. ಮೂವತ್ತಕ್ಕೆ 3,600. ಇದು ನಿಮ್ಮ ಮಾಮೂಲಿ ಸರ್ವಿಸ್ ಪೆನ್ಶನ್ ಮೇಲೆ ಸೇರುವ ದುಡ್ಡು, ಇದಕ್ಕೂ ತುಟ್ಟಿಭತ್ಯೆ ಇದೆ.

ಯುದ್ಧದಲ್ಲಿ ಅಥವಾ ಘೋಷಿತ ಕಾರ್ಯಾಚರಣೆಯಲ್ಲಿ ಗಾಯವಾದವರದು ಬೇರೆ ಲೆಕ್ಕ. ಅದು ವಾರ್ ಇಂಜುರಿ ಪೆನ್ಶನ್. ಬೋರ್ಡ್ ಔಟ್ ಆಗಿದ್ದು, ಅಂದರೆ ಊನದ ಕಾರಣಕ್ಕೇ ಸೇನೆಯಿಂದ ಹೊರಗೆ ಕಳಿಸಿದ್ದು, ನೂರು ಪರ್ಸೆಂಟ್ ಇದ್ದರೆ ಆ ಭಾಗವೇ ಕೊನೆಯ ಸಂಬಳದಷ್ಟು. ಗಾಯದ ನಂತರವೂ ಸೇವೆಯಲ್ಲಿ ಉಳಿದು ನಿವೃತ್ತರಾದವರಿಗೆ ನೂರು ಪರ್ಸೆಂಟಿಗೆ 60 ಪರ್ಸೆಂಟ್.

'ರೌಂಡ್ ಆಫ್' ಅಂತಾರಲ್ಲ, ಅದು ಎಲ್ಲರಿಗೂ ಸಿಗುತ್ತಾ?

ಡಿಸೆಬಿಲಿಟಿ ಎಲಿಮೆಂಟ್‌ಗೆ ಹಕ್ಕಿದ್ದವರಿಗೆ ಸಿಗುತ್ತದೆ. 50ಕ್ಕಿಂತ ಕಡಿಮೆ ಇದ್ದದ್ದು 50 ಆಗುತ್ತದೆ. 50ರಿಂದ 75ರವರೆಗೆ ಇದ್ದದ್ದು 75. ಅದಕ್ಕಿಂತ ಮೇಲಿನದ್ದು 100. ಮೇಲಿನ ಲೆಕ್ಕದಲ್ಲಿ 30 ಪರ್ಸೆಂಟಿನವರಿಗೆ 3,600ರ ಬದಲು 6,000 ಬರುವುದು ಹೀಗೆ.

ಮೊದಲು ಇದನ್ನು ಬೋರ್ಡ್ ಔಟ್ ಆದವರಿಗೆ ಮಾತ್ರ ಕೊಡುತ್ತಿದ್ದರು. ಅವಧಿ ಮುಗಿಸಿ ಬಂದವರಿಗೆ ಇಲ್ಲ ಎನ್ನುತ್ತಿದ್ದರು. 2014ರ ಡಿಸೆಂಬರ್ 10ರಂದು ಸುಪ್ರೀಂ ಕೋರ್ಟ್ ರಾಮ್ ಅವತಾರ್ ಪ್ರಕರಣದಲ್ಲಿ ಈ ಭೇದ ಸರಿಯಲ್ಲ ಎಂದಿತು. ಹಳಬರು ನಿಮ್ಮ ಪಿಪಿಒ (ಪೆನ್ಶನ್ ಮಂಜೂರಾತಿ ಆದೇಶ) ತೆಗೆದು ನೋಡಿ. ಇನ್ನೂ 20, 30, 40 ಎಂದೇ ಇದ್ದರೆ ತಡಮಾಡದೆ ನಮ್ಮ ಹತ್ತಿರ ತನ್ನಿ. ಹೀಗೆ ಬಿಟ್ಟುಹೋದವರು ಇನ್ನೂ ಸಿಗುತ್ತಲೇ ಇದ್ದಾರೆ.

ನನಗೆ ಬಿಪಿಗೆ 30, ಬೆನ್ನಿಗೆ 20. ಒಟ್ಟು 50 ಅಲ್ವಾ?

ಅಲ್ಲ. ಸುಮ್ನೆ ಕೂಡಿಸುವುದಿಲ್ಲ, ಎರಡನ್ನೂ ಸೇರಿಸಿ ಒಂದು ಒಟ್ಟು ಅಂದಾಜು ಹಾಕುತ್ತಾರೆ. ಅದು ಕೂಡಿಸಿದ್ದಕ್ಕಿಂತ ಸ್ವಲ್ಪ ಕಡಿಮೆ ಬರುತ್ತದೆ. ಸೇವೆಗೆ ಸಂಬಂಧ ಇದೆ ಎಂದು ಒಪ್ಪಿದ ಕಾಯಿಲೆ ಮಾತ್ರ ದುಡ್ಡಿನ ಲೆಕ್ಕಕ್ಕೆ ಬರುತ್ತದೆ.

ಕಿವಿ ಕೇಳಿಸಲ್ಲ. ಬೋರ್ಡಿನವರು '15-19' ಅಂತ ಬರೆದಿದ್ದಾರೆ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ. 20 ಮುಟ್ಟದಿದ್ದರೆ ಅವಧಿ ಮುಗಿಸಿ ಬಂದವರಿಗೆ ಡಿಸೆಬಿಲಿಟಿ ಎಲಿಮೆಂಟ್ ಇಲ್ಲ. ರೌಂಡ್ ಆಫ್ ಕೂಡ 20 ಮುಟ್ಟಿದ ಮೇಲೆಯೇ.

ಆದರೆ ಆ ಕಾಯಿಲೆಗಾಗಿಯೇ ನಿಮ್ಮನ್ನು ಸೇನೆಯಿಂದ ಹೊರಗೆ ಕಳಿಸಿದ್ದರೆ ಮಾತು ಬೇರೆ. 2014ರಲ್ಲಿ ಸುಖವಿಂದರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಡಿಸೆಬಿಲಿಟಿ ಕಾರಣಕ್ಕೆ ಹೊರಗೆ ಹಾಕಿದ್ದರೆ ಅದು 20ಕ್ಕಿಂತ ಮೇಲಿತ್ತು ಎಂದೇ ತಿಳಿಯಬೇಕು ಎಂದಿದೆ.

ದುಡ್ಡು ಬಾರದಿದ್ದರೂ ಹಿಯರಿಂಗ್ ಏಡ್ ಇಸಿಎಚ್‌ಎಸ್‌ನಲ್ಲಿ ಸಿಗುತ್ತದೆ. ಅದನ್ನು ಬಿಡಬೇಡಿ. ಟಿವಿ ಶಬ್ದಕ್ಕೆ ಬೇಸತ್ತ ಮನೆಯವರೂ ನಿಮಗೆ ಋಣಿಯಾಗಿರುತ್ತಾರೆ.

ರಜೆಯಲ್ಲಿ ಊರಲ್ಲಿದ್ದಾಗ ಬೈಕಿನಿಂದ ಬಿದ್ದೆ. ಅದು ಡ್ಯೂಟಿ ಆಗುತ್ತಾ?

ಊರಲ್ಲಿ ಸಂತೆಗೆ ಹೋಗುವಾಗ ಬಿದ್ದರೆ ಸಾಮಾನ್ಯವಾಗಿ ಇಲ್ಲ. ಗಾಯಕ್ಕೂ ಮಿಲಿಟರಿ ಸೇವೆಗೂ ಕೊಂಡಿ ಇರಬೇಕು ಎಂದು ಕೋರ್ಟುಗಳು ಹೇಳುತ್ತ ಬಂದಿವೆ. ಯೂನಿಟ್‌ನಿಂದ ರಜೆಗೆ ಊರಿಗೆ ಬರುವ ದಾರಿಯಲ್ಲಿ ಅಥವಾ ವಾಪಸ್ ಡ್ಯೂಟಿಗೆ ಹೋಗುವ ದಾರಿಯಲ್ಲಿ ಆಗಿದ್ದರೆ ಡ್ಯೂಟಿ ಎಂದು ಪರಿಗಣಿಸಲು ನಿಯಮ ಇದೆ. ರೈಲು ಟಿಕೆಟ್, ಲೀವ್ ಸರ್ಟಿಫಿಕೇಟ್ ಇಟ್ಟುಕೊಂಡಿದ್ದೀರಾ ಎಂದು ನಾವು ಕೇಳುವುದು ಇದಕ್ಕೇ.

ರೆಕಾರ್ಡ್ಸ್‌ನಿಂದ ಕ್ಲೇಮ್ ರಿಜೆಕ್ಟ್ ಆಗಿದೆ ಅಂತ ಪತ್ರ ಬಂತು. ಮುಂದೇನು?

ಪತ್ರದ ತಾರೀಖು ನೋಡಿ. ಅಲ್ಲಿಂದ ಆರು ತಿಂಗಳೊಳಗೆ ಮೊದಲ ಅಪೀಲು ಹಾಕಬೇಕು. ಸೇನೆಯಲ್ಲಿ ನಿಮ್ಮ ದಾಖಲೆ ಇಟ್ಟುಕೊಳ್ಳುವ ರೆಕಾರ್ಡ್ ಆಫೀಸಿನ ಮೂಲಕವೇ ಅದು ಮೊದಲ ಅಪೀಲಿನ ಸಮಿತಿಗೆ ಹೋಗುತ್ತದೆ. ಅಲ್ಲಿಯೂ ಆಗದಿದ್ದರೆ ಮತ್ತೆ ಆರು ತಿಂಗಳೊಳಗೆ ಎರಡನೇ ಅಪೀಲು. ಅದೂ ಹೋದರೆ ಆರ್ಮ್ಡ್ ಫೋರ್ಸಸ್ ಟ್ರಿಬ್ಯುನಲ್.

ಟ್ರಿಬ್ಯುನಲ್ 2007ರ ಕಾಯ್ದೆಯಿಂದ ಬಂದದ್ದು, 2009ರಿಂದ ಕೆಲಸ ಮಾಡುತ್ತಿದೆ. ಬೆಂಗಳೂರಿನಲ್ಲಿ ಇಷ್ಟು ದೊಡ್ಡ ಕಂಟೋನ್ಮೆಂಟ್ ಇದ್ದರೂ ಕರ್ನಾಟಕಕ್ಕೆ ಸ್ವಂತ ಪೀಠ ಇಲ್ಲ. ನಮ್ಮ ಕೇಸುಗಳು ಕೊಚ್ಚಿ ಪೀಠಕ್ಕೆ ಸೇರುತ್ತವೆ. ಬೀದರಿನ ಒಬ್ಬ ಹವಾಲ್ದಾರರಿಗೆ ಕೊಚ್ಚಿ ಎಂದರೆ ಎಷ್ಟು ದೂರ, ಯೋಚಿಸಿ. ಟ್ರಿಬ್ಯುನಲ್ ತೀರ್ಪನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು ಎಂದು 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ.

ಅಪೀಲಿನಲ್ಲಿ ಏನು ಬರೆಯಬೇಕು? ಕಷ್ಟ ಹೇಳಿಕೊಳ್ಳಬೇಡಿ. 'ದೇಶಕ್ಕಾಗಿ ದುಡಿದಿದ್ದೇನೆ, ದಯವಿಟ್ಟು' ಎಂಬ ಪತ್ರಗಳನ್ನು ಬೇಕಾದಷ್ಟು ಓದಿದ್ದೇವೆ, ಒಂದೂ ಕೆಲಸ ಮಾಡಿಲ್ಲ. ಮೂರು ವಿಷಯ ಸಾಕು. ಭರ್ತಿ ಆಗುವಾಗ ವೈದ್ಯಕೀಯ ಪರೀಕ್ಷೆಯಲ್ಲಿ ನಾನು ಪೂರ್ತಿ ಫಿಟ್ ಇದ್ದೆ. ಈ ಕಾಯಿಲೆಯ ಬಗ್ಗೆ ಆಗ ಯಾವ ಟಿಪ್ಪಣಿಯೂ ಇರಲಿಲ್ಲ. ಸೇವೆಗೆ ಸಂಬಂಧ ಇಲ್ಲ ಎನ್ನಲು ಬೋರ್ಡ್ ತಕ್ಕ ಕಾರಣ ಕೊಟ್ಟಿಲ್ಲ. 2013ರ ಜುಲೈನಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಿಡಿದದ್ದು ಇದೇ ದಾರಿ. ಭರ್ತಿಯ ವೇಳೆ ಕಾಯಿಲೆಯ ಉಲ್ಲೇಖ ಇಲ್ಲದಿದ್ದರೆ ಅದು ಸೇವೆಯಲ್ಲೇ ಬಂತು ಎಂದು ಭಾವಿಸಬೇಕು, ಸಂದೇಹದ ಲಾಭ ಸೈನಿಕನಿಗೆ ಹೋಗಬೇಕು ಎಂದಿತು. ಅದು ಮೂರ್ಛೆರೋಗದ ಕೇಸು.

ಆದರೆ ಆ ತೀರ್ಪು ಮಂತ್ರದಂಡ ಅಲ್ಲ. ಸೇವೆಗೆ ಸಂಬಂಧ ಇದೆಯೇ ಎಂದು ತೀರ್ಮಾನಿಸುವ ನಿಯಮ 2008ರಲ್ಲಿ ಬದಲಾಯಿತು. 2023ರ ಸೆಪ್ಟೆಂಬರ್ 21ರಿಂದ ಇನ್ನೊಂದು ಹೊಸ ನಿಯಮ ಬಂತು. ಅದರ ನಂತರ, ಸೇವೆಯಲ್ಲಿ ಉಳಿದು ನಿವೃತ್ತರಾಗುವವರಿಗೆ ಕೊಡುವುದಕ್ಕೆ 'ಇಂಪೇರ್‌ಮೆಂಟ್ ರಿಲೀಫ್' ಎಂದು ಹೆಸರು. ನೀವು ಯಾವ ದಿನ ಹೊರಬಂದಿರಿ ಎಂಬುದರ ಮೇಲೆ ನಿಮ್ಮ ನಿಯಮ. ಪಕ್ಕದ ಮನೆಯವರಿಗೆ ಸಿಕ್ಕಿದ್ದು ನಿಮಗೂ ಸಿಗುತ್ತದೆ ಎಂದು ಲೆಕ್ಕ ಹಾಕಬೇಡಿ.

ಒಬ್ಬರು ಏಜೆಂಟ್ ಬಂದಿದ್ದರು. ಬಾಕಿ ಹಣದಲ್ಲಿ ಮೂರನೇ ಒಂದು ಪಾಲು ಕೊಟ್ಟರೆ ಎಲ್ಲ ಮಾಡಿಸುತ್ತೇನೆ ಅಂದರು.

ಚಹಾ ಕೊಟ್ಟು ಕಳಿಸಿ.

ಅಪೀಲು ಬರೆಯಲು ದುಡ್ಡು ಬೇಕಿಲ್ಲ. ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಕಚೇರಿಯಲ್ಲಿ ಕೇಳಿ. ಅದರ ಕೇಂದ್ರ ಕಚೇರಿ ಬೆಂಗಳೂರಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಭವನದಲ್ಲಿದೆ. 2025ರ ಜುಲೈನಲ್ಲಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ಸೈನಿಕರ ಕುಟುಂಬಗಳಿಗೆ ಉಚಿತ ಕಾನೂನು ನೆರವಿನ ಯೋಜನೆಯನ್ನೂ ಶುರು ಮಾಡಿದೆ. ಟ್ರಿಬ್ಯುನಲ್‌ಗೆ ಹೋಗುವಾಗ ವಕೀಲರು ಇದ್ದರೆ ಒಳ್ಳೆಯದು. ಫೀಸು ಮೊದಲೇ ಮಾತಾಡಿ, ರಸೀದಿ ಕೇಳಿ. ಸ್ಪರ್ಶ್ (ರಕ್ಷಣಾ ಪೆನ್ಶನ್‌ನ ಆನ್‌ಲೈನ್ ವ್ಯವಸ್ಥೆ) ಪಾಸ್‌ವರ್ಡ್, ಒಟಿಪಿ ಯಾರಿಗೂ ಕೊಡಬೇಡಿ. ನಮಗೂ ಕೊಡಬೇಡಿ.

ಸೇನೆ ಬಿಟ್ಟು ಹದಿನೈದು ವರ್ಷ ಆಯ್ತು. ಈಗ ಕೇಳಬಹುದಾ?

ಕೇಳಬಹುದು. ಪೆನ್ಶನ್ ಪ್ರತಿ ತಿಂಗಳ ಹಕ್ಕು, ಹಾಗಾಗಿ ತಡವಾಯಿತು ಎಂದು ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಆದರೆ 2008ರ ತರ್ಸೇಮ್ ಸಿಂಗ್ ತೀರ್ಪಿನ ಪ್ರಕಾರ ಬಾಕಿಯನ್ನು ಸಾಮಾನ್ಯವಾಗಿ ಕೇಸು ಹಾಕಿದ ದಿನಕ್ಕೆ ಹಿಂದಿನ ಮೂರು ವರ್ಷಕ್ಕೆ ಸೀಮಿತ ಮಾಡುತ್ತಾರೆ. ಅಂದರೆ ಹನ್ನೆರಡು ವರ್ಷದ ದುಡ್ಡು ಹೋಯಿತು ಎಂದೇ ತಿಳಿಯಿರಿ. ಇನ್ನೂ ಒಂದು ವರ್ಷ ಯೋಚಿಸುತ್ತ ಕೂತರೆ ಇನ್ನೂ ಒಂದು ವರ್ಷದ್ದು ಹೋಗುತ್ತದೆ.

ನೋವು ಮೊದಲಿಗಿಂತ ಜಾಸ್ತಿ ಆಗಿದೆ. ಪರ್ಸೆಂಟೇಜ್ ಏರಿಸಬಹುದಾ?

ರಿವ್ಯೂ ಬೋರ್ಡ್ ಕೇಳಬಹುದು. ಆದರೆ ಬೋರ್ಡ್ ಏರಿಸಬಹುದು, ಇಳಿಸಲೂಬಹುದು. 'ಫಾರ್ ಲೈಫ್' ಎಂದು ಬರೆದದ್ದನ್ನು ಮತ್ತೆ ತೆರೆಸುವ ಮುಂಚೆ ಹೊಸ ಸ್ಕ್ಯಾನ್, ತಜ್ಞರ ಅಭಿಪ್ರಾಯ ಕೈಯಲ್ಲಿರಲಿ. 30 ಇದ್ದು ರೌಂಡ್ ಆಫ್‌ನಿಂದ 50 ಪಡೆಯುತ್ತಿರುವವರು 40ಕ್ಕೆ ಏರಿಸಿಕೊಂಡು ಏನು ಲಾಭ? ಮೊತ್ತ ಅಷ್ಟೇ. ಹೀಗೆ ಸುಮ್ನೆ ರಿಸ್ಕ್ ತೆಗೆದುಕೊಳ್ಳಲು ಹೊರಟವರನ್ನು ಕೈ ಹಿಡಿದು ಕೂರಿಸಿದ್ದೇವೆ.

ನನ್ನ ಹತ್ತಿರ ಹಳೆ ಕಾಗದ ಒಂದೂ ಇಲ್ಲ. ಮನೆ ಸೋರಿ ಎಲ್ಲ ಹಾಳಾಯ್ತು.

ಮಲೆನಾಡಿನವರ ಮಾಮೂಲಿ ಕಥೆ ಇದು. ನಿಮ್ಮ ರೆಕಾರ್ಡ್ ಆಫೀಸಿಗೆ ಬರೆಯಿರಿ. ಮದ್ರಾಸ್ ಎಂಜಿನಿಯರ್ ಗ್ರೂಪಿನವರಿಗೆ ಬೆಂಗಳೂರು, ಮರಾಠಾ ಲೈಟ್ ಇನ್ಫೆಂಟ್ರಿಯವರಿಗೆ ಬೆಳಗಾವಿ, ಇಎಂಇಯವರಿಗೆ ಸಿಕಂದರಾಬಾದ್, ಸಿಗ್ನಲ್ಸ್‌ಗೆ ಜಬಲ್‌ಪುರ, ಏರ್‌ಫೋರ್ಸ್‌ಗೆ ದೆಹಲಿಯ ಸುಬ್ರತೊ ಪಾರ್ಕ್, ನೌಕಾಪಡೆಯ ಸೇಲರ್‌ಗಳಿಗೆ ಮುಂಬೈನ ಬ್ಯೂರೊ ಆಫ್ ಸೇಲರ್ಸ್. ಉತ್ತರ ಬಾರದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ. 'ನನ್ನ ಎಲ್ಲ ದಾಖಲೆ ಕೊಡಿ' ಎನ್ನಬೇಡಿ. 'ನನ್ನ ರಿಲೀಸ್ ಮೆಡಿಕಲ್ ಬೋರ್ಡ್ ನಡಾವಳಿಯ ಪೂರ್ತಿ ಪ್ರತಿ, ಭರ್ತಿ ವೇಳೆಯ ವೈದ್ಯಕೀಯ ಪರೀಕ್ಷೆಯ ಪ್ರತಿ, ಇಂಜುರಿ ರಿಪೋರ್ಟ್' ಎಂದು ಒಂದೊಂದಾಗಿ ಕೇಳಿ. ಸರ್ವಿಸ್ ನಂಬರ್ ಮರೆಯಬೇಡಿ. ಮರೆಯುವ ಸೈನಿಕರು ಇನ್ನೂ ಸಿಕ್ಕಿಲ್ಲ, ಬಿಡಿ. ಹೆಂಡತಿಯ ಹುಟ್ಟಿದ ದಿನ ಮರೆತರೂ ಅದು ನೆನಪಿರುತ್ತದೆ.

ಹೆಸರು ಹೊಂದುತ್ತಿಲ್ಲ ಅಂತ ವಾಪಸ್ ಕಳಿಸಿದ್ದಾರೆ.

ನಮ್ಮ ಕೋಣೆಗೆ ಬರುವ ಕೇಸುಗಳಲ್ಲಿ ಇದೇ ಜಾಸ್ತಿ ಎಂದು ಕಾಣುತ್ತದೆ. ನಮ್ಮ ಹೆಸರುಗಳೇ ಹಾಗೆ. ಹಳೆ ಮೈಸೂರಿನವರಿಗೆ ಊರು ಮತ್ತು ಅಪ್ಪನ ಇನಿಷಿಯಲ್. ಸೇನೆಯಲ್ಲಿ ಅದನ್ನು ಬಿಡಿಸಿ ಬರೆದಿರುತ್ತಾರೆ, ಆಧಾರ್‌ನಲ್ಲಿ ಬರೀ ಅಕ್ಷರ ಇರುತ್ತದೆ. ಕೊಡಗಿನವರ ಮನೆತನದ ಹೆಸರು ಮುಂದೆ ಬರುತ್ತದೆ, ಬ್ಯಾಂಕಿನವರು ಅದನ್ನು ಹಿಂದಕ್ಕೆ ತಳ್ಳಿರುತ್ತಾರೆ. ಉತ್ತರ ಕರ್ನಾಟಕದವರದು ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಸೇರಿ ಉದ್ದ. ಹೆಂಡತಿಯ ತವರಿನ ಹೆಸರು ಒಂದು, ಗಂಡನ ಮನೆಯಲ್ಲಿ ಇಟ್ಟದ್ದು ಇನ್ನೊಂದು. ಶಾಂತವ್ವ, ಶಾಂತಾ, ಶಾಂತಾಬಾಯಿ ಮೂವರೂ ಒಬ್ಬರೇ ಎಂದು ಪ್ರಯಾಗರಾಜದ ಪೆನ್ಶನ್ ಕಚೇರಿಯ ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು?

ಸರಿಮಾಡುವ ಕ್ರಮ ಹೀಗೆ: ಸೇನೆಯ ದಾಖಲೆಯನ್ನು ಬೇರು ಎಂದು ತಿಳಿಯಿರಿ. ಅಲ್ಲಿ ಇರುವ ಹೆಸರು ಸರಿಯಿದ್ದರೆ ಆಧಾರ್, ಪ್ಯಾನ್, ಬ್ಯಾಂಕ್ ಅದಕ್ಕೆ ಹೊಂದಿಸಿ. ಸೇನೆಯ ದಾಖಲೆಯೇ ತಪ್ಪಿದ್ದರೆ ಅಫಿಡವಿಟ್ ಮಾಡಿಸಿ ರೆಕಾರ್ಡ್ ಆಫೀಸಿಗೆ ಕಳಿಸಿ, ತಿದ್ದುಪಡಿ ಪಿಪಿಒ ಬರುವವರೆಗೆ ಬಿಡಬೇಡಿ. ಗಂಡ ಬದುಕಿರುವಾಗಲೇ ಮಾಡಿ. ಆಮೇಲೆ ಆ ತಾಯಿ ಒಬ್ಬರೇ ಕಚೇರಿ ಕಚೇರಿ ಅಲೆಯಬೇಕಾಗುತ್ತದೆ.

ಇಸಿಎಚ್‌ಎಸ್ ಕಾರ್ಡ್ ಯಾರಿಗೆಲ್ಲ ಸಿಗುತ್ತೆ? ಎಷ್ಟು ಕಟ್ಟಬೇಕು?

ಯೋಜನೆ ಶುರುವಾದದ್ದು 2003ರ ಏಪ್ರಿಲ್ 1ರಂದು. ಪೆನ್ಶನ್ ಬರುವ ಮಾಜಿ ಸೈನಿಕರು, ಅವರ ಹೆಂಡತಿ ಅಥವಾ ಗಂಡ, 25 ವರ್ಷದೊಳಗಿನ, ಇನ್ನೂ ದುಡಿಮೆಗೆ ಹೋಗದ ಮದುವೆಯಾಗದ ಮಗ, ಮದುವೆಯಾಗದ ಮತ್ತು ಆದಾಯವಿಲ್ಲದ ಮಗಳು, ಆದಾಯ ಮಿತಿಯೊಳಗಿರುವ ಅವಲಂಬಿತ ಅಪ್ಪ ಅಮ್ಮ ಸೇರುತ್ತಾರೆ. ಅಂಗವೈಕಲ್ಯ ಇರುವ ಅವಲಂಬಿತ ಮಕ್ಕಳಿಗೆ ವಯಸ್ಸಿನ ಮಿತಿ ಇಲ್ಲ.

ಒಮ್ಮೆ ಮಾತ್ರ ಕಟ್ಟುವ ಹಣ: ಹವಾಲ್ದಾರ್‌ವರೆಗಿನವರಿಗೆ 30,000, ಜೆಸಿಒಗಳಿಗೆ (ಸುಬೇದಾರ್ ದರ್ಜೆಯವರಿಗೆ) 67,000, ಅಧಿಕಾರಿಗಳಿಗೆ 1,20,000 ರೂಪಾಯಿ. 1996ರ ಜನವರಿ 1ಕ್ಕೆ ಮುಂಚೆ ನಿವೃತ್ತರಾದವರು, ಯುದ್ಧದಲ್ಲಿ ಅಂಗಹೀನರಾದವರು, ಯುದ್ಧ ವಿಧವೆಯರು ಕಟ್ಟಬೇಕಿಲ್ಲ.

ನೆನಪಿಡಿ, ಇಸಿಎಚ್‌ಎಸ್‌ಗೂ ಡಿಸೆಬಿಲಿಟಿ ಪರ್ಸೆಂಟೇಜಿಗೂ ಸಂಬಂಧ ಇಲ್ಲ. 'ನಾನಾ' ಎಂದು ಬರೆದ ಬಿಪಿಗೂ ಅಲ್ಲಿ ಮಾತ್ರೆ ಸಿಗುತ್ತದೆ. ಕ್ಲೇಮ್ ರಿಜೆಕ್ಟ್ ಆಯಿತು ಎಂಬ ಸಿಟ್ಟಿಗೆ ಕಾರ್ಡ್ ಮಾಡಿಸದೆ ಕೂತವರೂ ಇದ್ದಾರೆ!

ಇಸಿಎಚ್‌ಎಸ್‌ನಲ್ಲಿ ದಿನದ ಚಿಕಿತ್ಸೆ ಹೇಗೆ ನಡೆಯುತ್ತೆ?

ಮೊದಲು ಪಾಲಿಕ್ಲಿನಿಕ್, ಅಂದರೆ ಇಸಿಎಚ್‌ಎಸ್‌ನ ಸ್ವಂತ ಚಿಕಿತ್ಸಾಲಯ. ಬೆಂಗಳೂರು, ಮೈಸೂರು, ಮಡಿಕೇರಿ, ಮಂಗಳೂರು, ಬೆಳಗಾವಿ ಹೀಗೆ ಹಲವು ಕಡೆ ಇವೆ. ಅಲ್ಲಿನ ಡಾಕ್ಟರ್ ನೋಡಿ, ಬೇಕಿದ್ದರೆ ಒಪ್ಪಂದದ ಖಾಸಗಿ ಆಸ್ಪತ್ರೆಗೋ ಮಿಲಿಟರಿ ಆಸ್ಪತ್ರೆಗೋ ರೆಫರಲ್ ಕೊಡುತ್ತಾರೆ. ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿ ಏರ್‌ಫೋರ್ಸ್ ಕಮಾಂಡ್ ಆಸ್ಪತ್ರೆ ಇದೆ, ಬೆಳಗಾವಿಯಲ್ಲಿ ಮಿಲಿಟರಿ ಆಸ್ಪತ್ರೆ, ಕಾರವಾರದಲ್ಲಿ ನೌಕಾಪಡೆಯ ಪತಂಜಲಿ ಆಸ್ಪತ್ರೆ. ಕೃತಕ ಕಾಲು ಬೇಕಾದವರಿಗೆ ಪುಣೆಯ ಆರ್ಟಿಫಿಷಿಯಲ್ ಲಿಂಬ್ ಸೆಂಟರ್. ಸೊಂಟದ ಕೆಳಗೆ ಸ್ವಾಧೀನ ಇಲ್ಲದವರಿಗೆ ಖಡ್ಕಿ ಮತ್ತು ಮೊಹಾಲಿಯಲ್ಲಿ ಪುನರ್ವಸತಿ ಕೇಂದ್ರಗಳಿವೆ.

ಔಷಧ ಇಲ್ಲ ಎಂದರೆ ಸುಮ್ಮನೆ ವಾಪಸ್ ಬರಬೇಡಿ. 'ಎನ್‌ಎ' ಎಂದು, ಅಂದರೆ ಲಭ್ಯವಿಲ್ಲ ಎಂದು ಚೀಟಿಯ ಮೇಲೆ ಬರೆಸಿ. ಅದಿಲ್ಲದೆ ಹೊರಗೆ ಕೊಂಡರೆ ದುಡ್ಡು ಕೇಳಲು ಆಧಾರ ಇರುವುದಿಲ್ಲ.

ಮಧ್ಯರಾತ್ರಿ ಎದೆನೋವು ಬಂದರೆ ರೆಫರಲ್‌ಗೆ ಎಲ್ಲಿ ಓಡಲಿ?

ಓಡಬೇಡಿ. ತುರ್ತಿಗೆ ರೆಫರಲ್ ಬೇಕಿಲ್ಲ. ಹತ್ತಿರದ ಒಪ್ಪಂದದ ಆಸ್ಪತ್ರೆಗೆ ಹೋಗಿ ಕಾರ್ಡ್ ತೋರಿಸಿ. ಅವರು ಇಸಿಎಚ್‌ಎಸ್‌ಗೆ ತಿಳಿಸುತ್ತಾರೆ, ನೀವು ಕಟ್ಟಬೇಕಿಲ್ಲ. ಅಡ್ವಾನ್ಸ್ ಕೇಳಿದರೆ ಕೊಡಬೇಡಿ, ಪಾಲಿಕ್ಲಿನಿಕ್‌ಗೆ ಫೋನ್ ಮಾಡಿ.

ಹತ್ತಿರ ಒಪ್ಪಂದದ ಆಸ್ಪತ್ರೆ ಇಲ್ಲದಿದ್ದರೆ ಯಾವುದಾದರೂ ಸರಿ, ಜೀವ ಮುಖ್ಯ. ಆದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಬೇಕು. ಬಿಲ್ ನೀವೇ ಕಟ್ಟಿ ಆಮೇಲೆ ಕ್ಲೇಮ್ ಮಾಡಬೇಕು. ವಾಪಸ್ ಬರುವುದು ಸರ್ಕಾರಿ ದರದ ಲೆಕ್ಕದಲ್ಲಿ, ನೀವು ಕಟ್ಟಿದಷ್ಟೂ ಅಲ್ಲ. ಡಿಸ್ಚಾರ್ಜ್ ಸಮ್ಮರಿ, ಎಮರ್ಜೆನ್ಸಿ ಸರ್ಟಿಫಿಕೇಟ್, ಪ್ರತಿ ಬಿಲ್ಲಿನ ಮೂಲ ಪ್ರತಿ ಬೇಕು. ಕಾರ್ಡ್ ಎಲ್ಲಿದೆ, ಪಾಲಿಕ್ಲಿನಿಕ್ ನಂಬರ್ ಏನು ಎಂಬುದು ಮನೆಯವರಿಗೆ ಗೊತ್ತಿರಲಿ. ಎದೆನೋವು ಬಂದವರು ಬೀರುವಿನ ಬೀಗದ ಕೈ ಹುಡುಕಿಕೊಡಲಾರರು.

70 ದಾಟಿದವರಿಗೆ ಆಯುಷ್ಮಾನ್ ಕಾರ್ಡ್ ಬಂದಿದೆಯಲ್ಲ, ಎರಡೂ ಇಟ್ಟುಕೊಳ್ಳಬಹುದಾ?

ಎರಡರಲ್ಲಿ ಒಂದನ್ನು ಆರಿಸಬೇಕು. ಇಸಿಎಚ್‌ಎಸ್ ಬಿಡಬೇಡಿ ಎಂಬುದು ನಮ್ಮ ಅಭಿಪ್ರಾಯ. ದಿನದ ಮಾತ್ರೆ, ಹೊರರೋಗಿ ಚಿಕಿತ್ಸೆ ಇಲ್ಲಿ ಸಿಗುತ್ತದೆ, ಅಲ್ಲಿ ಮುಖ್ಯವಾಗಿ ಆಸ್ಪತ್ರೆಗೆ ಸೇರಿದರೆ ಮಾತ್ರ.

ಮಿಲಿಟರಿ ಪರ್ಸೆಂಟೇಜ್ ತೋರಿಸಿ ಬಸ್ ಪಾಸ್ ಮಾಡಿಸಬಹುದಾ?

ಅದು ಬೇರೆ, ಇದು ಬೇರೆ. ಅಂಗವಿಕಲರ ಸೌಲಭ್ಯಕ್ಕೆ 2016ರ ಕಾಯ್ದೆಯ ಪ್ರಕಾರ ಸರ್ಕಾರಿ ಆಸ್ಪತ್ರೆಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಬೇಕು. ಹೆಚ್ಚಿನ ಸೌಲಭ್ಯಗಳಿಗೆ ಅಲ್ಲಿ ಗೆರೆ 40 ಪರ್ಸೆಂಟ್. ಬಿಪಿಗೆ 30 ಇದ್ದು ರೌಂಡ್ ಆಫ್‌ನಿಂದ 50 ಆದದ್ದನ್ನು ಜಿಲ್ಲಾಸ್ಪತ್ರೆಯಲ್ಲಿ ತೋರಿಸಿದರೆ ನಗುತ್ತಾರೆ ಅಷ್ಟೇ.

ಮಗ ಅಗ್ನಿವೀರ. ಅವನಿಗೂ ಇದೆಲ್ಲ ಇದೆಯಾ?

ನಾಲ್ಕು ವರ್ಷ ಮುಗಿಸಿ ಬಂದರೆ ಪೆನ್ಶನ್ ಇಲ್ಲ, ಇಸಿಎಚ್‌ಎಸ್ ಇಲ್ಲ. ಸೇವೆಯ ಕಾರಣ ಅಂಗವೈಕಲ್ಯ ಬಂದರೆ ಒಮ್ಮೆ ಪರಿಹಾರ ಉಂಟು: ನೂರು ಪರ್ಸೆಂಟಿಗೆ 44 ಲಕ್ಷ, 75ಕ್ಕೆ 25 ಲಕ್ಷ, 50ಕ್ಕೆ 15 ಲಕ್ಷ. ಸಣ್ಣ ಗಾಯವಾದರೂ ಇಂಜುರಿ ರಿಪೋರ್ಟ್ ಬರೆಸಲು ಅವನಿಗೆ ಹೇಳಿ. ನಮ್ಮ ಕಾಲದಲ್ಲಿ 'ಏನಾಗಲ್ಲ ಸಾಬ್' ಎಂದು ಮುಲಾಮು ಹಚ್ಚಿಕೊಂಡು ಓಡಿದ್ದಕ್ಕೆ ಈಗ ಇಷ್ಟು ಅರ್ಜಿ ಬರೆಯುತ್ತಿದ್ದೇವೆ.

ನಿದ್ದೆ ಬರಲ್ಲ, ಸಣ್ಣ ಶಬ್ದಕ್ಕೂ ಬೆಚ್ಚಿ ಬೀಳುತ್ತಾರೆ. ಕೇಳಿದರೆ ಏನೂ ಇಲ್ಲ ಅಂತಾರೆ.

ಈ ಪ್ರಶ್ನೆಯನ್ನು ಸೈನಿಕರು ಕೇಳುವುದಿಲ್ಲ. ಅವರ ಹೆಂಡತಿಯರು ಕೇಳುತ್ತಾರೆ, ಅದೂ ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು.

ಅಕ್ಕ, ಇದು ಹುಚ್ಚಲ್ಲ. ಪಾಲಿಕ್ಲಿನಿಕ್‌ನಿಂದ ಮನೋವೈದ್ಯರಿಗೆ ರೆಫರಲ್ ಸಿಗುತ್ತದೆ. ಮನೆಯಿಂದಲೇ ಮಾತಾಡಲು ಟೆಲಿ ಮಾನಸ್ ಇದೆ, ನಂಬರ್ 14416, ಕನ್ನಡದಲ್ಲೂ ಮಾತಾಡುತ್ತಾರೆ. ಅವರು ಬರಲು ಒಪ್ಪದಿದ್ದರೆ ನಮ್ಮಲ್ಲಿ ಒಬ್ಬರು ಸುಮ್ನೆ ಮನೆ ಕಡೆ ಬಂದು ಹೋಗುತ್ತಾರೆ. ಡಾಕ್ಟರ ವಿಷಯ ಮೊದಲ ಸಲ ಎತ್ತುವುದಿಲ್ಲ. ಯೂನಿಟ್ಟಿನ ಮಾತು, ಮಳೆ, ಕಾಫಿ ರೇಟು. ಮೂರನೇ ಸಲಕ್ಕೆ ಅವರೇ ಶುರು ಮಾಡುತ್ತಾರೆ. ಪರ್ಸೆಂಟೇಜ್ ವಿಷಯ ಆಮೇಲೆ ನೋಡೋಣ.

ಯಜಮಾನರು ತೀರಿಕೊಂಡರು. ಡಿಸೆಬಿಲಿಟಿ ದುಡ್ಡು ನನಗೆ ಮುಂದುವರಿಯುತ್ತಾ?

ಆ ಭಾಗ ನಿಲ್ಲುತ್ತದೆ ಅಮ್ಮ. ನಿಮಗೆ ಬರುವುದು ಕುಟುಂಬ ಪಿಂಚಣಿ. ಮಾಮೂಲಿ ದರ ಕೊನೆಯ ಸಂಬಳದ 30 ಪರ್ಸೆಂಟ್. ಆದರೆ ಸೇವೆಯಿಂದ ಬಂದ ಆ ತೊಂದರೆಯೇ ಸಾವಿಗೆ ಕಾರಣವಾದರೆ ಸ್ಪೆಷಲ್ ಫ್ಯಾಮಿಲಿ ಪೆನ್ಶನ್ ಕೇಳಬಹುದು, ಅದು 60 ಪರ್ಸೆಂಟ್. ಇದಕ್ಕೆ ಸಾವಿನ ಕಾರಣ ಬರೆದ ಆಸ್ಪತ್ರೆಯ ಕಾಗದ ಬೇಕು. 'ಹೃದಯ ನಿಂತಿತು' ಎಂದಷ್ಟೇ ಬರೆದರೆ ಯಾರ ಸಾವಿಗೂ ಹೊಂದುತ್ತದೆ. ಯಾವ ಕಾಯಿಲೆಯಿಂದ ಎಂಬುದನ್ನು ಬರೆಸಿಕೊಳ್ಳಿ. ದುಃಖದ ಹೊತ್ತಿನಲ್ಲಿ ಇದು ಹೊಳೆಯುವುದಿಲ್ಲ, ಗೊತ್ತು. ಸುದ್ದಿ ತಿಳಿದರೆ ನಮ್ಮವರು ಯಾರಾದರೂ ಆಸ್ಪತ್ರೆಗೇ ಬರುತ್ತಾರೆ.

ಇದಕ್ಕೆ ಇನ್‌ಕಂ ಟ್ಯಾಕ್ಸ್ ಇದೆಯಾ?

ಡಿಸೆಬಿಲಿಟಿಯಿಂದ ಬೋರ್ಡ್ ಔಟ್ ಆದವರ ಪೆನ್ಶನ್‌ಗೆ ವಿನಾಯಿತಿ ಇದೆ. ಅವಧಿ ಮುಗಿಸಿ ಬಂದವರಿಗೆ ಇಲ್ಲ ಎಂದು 2019ರ ಜೂನ್‌ನಲ್ಲಿ ಸುತ್ತೋಲೆ ಬಂತು, ಅದು ಕೋರ್ಟ್ ಮೆಟ್ಟಿಲೂ ಹತ್ತಿತು. ನೀವು ಎರಡನೇ ಗುಂಪಿನವರಾದರೆ ಲೆಕ್ಕಪರಿಶೋಧಕರನ್ನು ಕೇಳದೆ ರಿಟರ್ನ್ ಹಾಕಬೇಡಿ.

ಪೆನ್ಶನ್ ಇದ್ದಕ್ಕಿದ್ದ ಹಾಗೆ ನಿಂತಿದೆ.

ಹತ್ತರಲ್ಲಿ ಒಂಬತ್ತು ಸಲ ಜೀವನ ಪ್ರಮಾಣ ಪತ್ರ. ಸ್ಪರ್ಶ್‌ಗೆ ಹೋದವರು ವರ್ಷಕ್ಕೊಮ್ಮೆ ಗುರುತು ದೃಢಪಡಿಸಬೇಕು. ಕಾಮನ್ ಸರ್ವಿಸ್ ಸೆಂಟರ್‌ನಲ್ಲಿ ಆಗುತ್ತದೆ. ಬೆರಳಚ್ಚು ಮೂಡದಿದ್ದರೆ ಮುಖ ತೋರಿಸಿಯೂ ಮಾಡಬಹುದು. ಅಡಿಕೆ ಸುಲಿದವರ, ಗಾರೆ ಕೆಲಸ ಮಾಡುವವರ ಬೆರಳು ಹೇಗೂ ಮೂಡುವುದಿಲ್ಲ.

ಭಾನುವಾರ ಬರುವಾಗ ಏನೇನು ತರಬೇಕು?

ಡಿಸ್ಚಾರ್ಜ್ ಬುಕ್, ಪಿಪಿಒ, ಮೆಡಿಕಲ್ ಬೋರ್ಡಿನ ಕಾಗದ, ರಿಜೆಕ್ಟ್ ಆದ ಪತ್ರ ಲಕೋಟೆ ಸಮೇತ, ಆಧಾರ್, ಬ್ಯಾಂಕ್ ಪಾಸ್‌ಬುಕ್. ಎಲ್ಲದರ ಜೆರಾಕ್ಸ್ ಎರಡು. ಮೂಲ ಪ್ರತಿ ಯಾರಿಗೂ ಬಿಟ್ಟು ಹೋಗಬೇಡಿ. ಹೆಂಡತಿಯನ್ನೂ ಕರೆದುಕೊಂಡು ಬನ್ನಿ, ಮುಂದೆ ಆ ಕಾಗದ ನೋಡಿಕೊಳ್ಳಬೇಕಾದವರು ಅವರೇ. ಮತ್ತೆ ಓದುವ ಕನ್ನಡಕ ತನ್ನಿ. ಸಹಿ ಹಾಕುವ ಮುಂಚೆ ಪೂರ್ತಿ ಓದಿಸದೆ ನಾವು ಪೆನ್ನು ಕೊಡುವುದಿಲ್ಲ.